ಎಡಕ್ಕೆ ಚಾಚಿದ ಕೊಳಲು

ಹನಮಂತಪ್ಪನ ಅಂಗಡಿಯ ಮೂಲೆಯಲ್ಲಿದ್ದ ಆ ತೊಟ್ಟಿಲನ್ನು ಕಂಡಕೂಡಲೇ ಗುರವ್ವನಿಗೆ ಅನ್ನಿಸಿದ್ದು ಒಂದೇ: ಇದನ್ನ ನಾನು ಯಾವಾಗ ಕಳಿಸಿದೆ?

ಎಂಬತ್ತೇಳನೇ ಇಸವಿ, ದೀಪಾವಳಿ ಮುಗಿದು ಎರಡು ವಾರ ಆಗಿತ್ತು. ಕಲಘಟಗಿಯ ಮುಂಜಾನೆ ಬಸ್ಸಿನ ಮೇಲೆ ಎರಡು ಹೊಸ ತೊಟ್ಟಿಲು ಕಟ್ಟಿಸಿಕೊಂಡು ಅವಳು ಹುಬ್ಬಳ್ಳಿಗೆ ಬಂದಿದ್ದಳು. ಹನಮಂತಪ್ಪ ಅವಳ ಮನೆಯ ತೊಟ್ಟಿಲುಗಳನ್ನು ಹನ್ನೆರಡು ವರ್ಷದಿಂದ ಮಾರುತ್ತ ಬಂದವನು. ಆಳುಗಳು ಹಗ್ಗ ಬಿಚ್ಚುತ್ತಿದ್ದಾಗ ಅವಳು ಮೂಲೆಗೆ ಹೋಗಿ ಬಾಗಿ ನೋಡಿದಳು. ಪಕ್ಕದ ಹಲಗೆಯ ಮೇಲೆ ಕೊಳಲೂದುವ ಕೃಷ್ಣ, ಅವನ ಕಾಲ ಬಳಿ ಎರಡು ಆಕಳು, ಮೇಲೆ ಮಾವಿನ ತೋರಣ. ಕಣ್ಣಿನ ಕೊನೆಯನ್ನು ಕಿವಿಯ ತನಕ ಎಳೆದು ಒಂದು ಚುಕ್ಕೆಯಲ್ಲಿ ನಿಲ್ಲಿಸಿದ ಆ ಕರಿ ಗೆರೆ ಅವಳದೇ. ಆಕಳ ಕೊರಳ ಗಂಟೆಗೆ ನಾಲಿಗೆ ಬರೆಯದೆ ಬಿಡುವುದು ಅವಳ ರೂಢಿ; ಇಲ್ಲಿಯೂ ಗಂಟೆ ಖಾಲಿ ಇತ್ತು.

ಆದರೆ ಕೊಳಲು ತಪ್ಪು ದಿಕ್ಕಿಗೆ ಚಾಚಿತ್ತು. ಕೃಷ್ಣನ ಕೊಳಲು ಅವನ ಬಲಕ್ಕೆ ಹೋಗಬೇಕು. ತೊಟ್ಟಿಲು ಬರೆಯುವ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಮಾತು ಅದು. ಇವನ ಕೊಳಲು ಎಡಕ್ಕಿತ್ತು. ನೋಡುತ್ತ ಹೋದರೆ ಆಕಳುಗಳೂ ತಿರುಗಿ ನಿಂತಿದ್ದವು. ತನ್ನ ಹಲಗೆಯನ್ನು ಯಾರೋ ಕನ್ನಡಿಗೆ ಹಿಡಿದು ಬರೆದ ಹಾಗೆ.

"ಇದು ಯಾರ ಕೆಲಸರಿ ಸಾವಕಾರ್ರ?"

"ಯಾಕ, ನಿಮ್ದ ಅಲ್ಲೇನು?" ಹನಮಂತಪ್ಪ ತಲೆ ಎತ್ತಿದ. "ಇಸ್ಮಾಯಿಲಸಾಬ ತಂದಿಟ್ಟು ಹೋದ. ನಿಮ್ಮ ಮನೀದ ಅಂದ. ಕೃಷ್ಣ ಎಡಚ ಆಗ್ಯಾನಲ್ಲೋ ಮಾರಾಯಾ ಅಂದ್ರ ನಕ್ಕು ಸುಮ್ಮನಾದ."

ಗುರವ್ವ ಮತ್ತೆ ಬಾಗಿದಳು. ಸೆರಗಿನ ತುದಿಯಿಂದ ಕೃಷ್ಣನ ಮುಖದ ಮೇಲಿನ ದೂಳು ಒರೆಸಿ ಇನ್ನೊಮ್ಮೆ ನೋಡಿದಳು. ಅದು ಪಳಗಿದ ಕೈ. ಗೆರೆ ಎಲ್ಲಿಯೂ ನಡುಗಿರಲಿಲ್ಲ. ಕಲಿಯುವವನ ಕಳವು ಆಗಿದ್ದರೆ ಅವಳು ಇಷ್ಟು ಅಂಜುತ್ತಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗಿನ ಭತ್ತದ ಗದ್ದೆಗಳು ಅವಳ ಕಣ್ಣಿಗೆ ಬೀಳಲೇ ಇಲ್ಲ. ಹಾಗೆ ಬರೆಯಬಲ್ಲ ಕೈ ಕಲಘಟಗಿಯಲ್ಲಿ ಎರಡೇ ಇದ್ದವು. ಒಂದು ತನ್ನದು. ಇನ್ನೊಂದು ಗಂಡ ಮಡಿವಾಳೆಪ್ಪನದು, ಆದರೆ ಅದು ಎರಡು ವರ್ಷದ ಹಿಂದೆಯೇ ನಿಂತುಹೋಗಿತ್ತು.

ಮಡಿವಾಳೆಪ್ಪ ಇಪ್ಪತ್ತೆಂಟು ವರ್ಷ ತೊಟ್ಟಿಲು ಬರೆದವನು. ಗುರವ್ವನಿಗೆ ಕುಂಚ ಹಿಡಿಯಲು ಕಲಿಸಿದವನೂ ಅವನೇ. ಎಂಬತ್ತೈದರ ಮಳೆಗಾಲದಲ್ಲಿ ಒಂದು ಮುಂಜಾನೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಹುಬ್ಬಳ್ಳಿಯಲ್ಲಿ ಹದಿನೆಂಟು ದಿನ ದವಾಖಾನೆ. ಕಾಲು ಬಂತು, ಮಾತು ಬಂತು, ಬಲಗೈಗಂತೂ ಏನೂ ಆಗಿರಲಿಲ್ಲ. ಎಲ್ಲರೂ ದೇವರು ದೊಡ್ಡವನು ಅಂದರು. ಆಮೇಲೆ ಒಂದು ದಿನ ಹಲಗೆಯ ಮುಂದೆ ಕೂತು ಕುಂಚ ಅದ್ದಿದ ಮಡಿವಾಳೆಪ್ಪ ಹಾಗೇ ಕೂತೇಬಿಟ್ಟ. ಬಣ್ಣ ಕುಂಚದ ತುದಿಯಲ್ಲೇ ಒಣಗಿತು. "ಕೈ ಐತಿ, ಚಿತ್ರ ಇಲ್ಲ" ಅಂದ. ಮೊದಲೆಲ್ಲ ಬರೀ ಹಲಗೆ ನೋಡಿದರೆ ಚಿತ್ರ ತಾನೇ ಬಂದು ಕೂಡುತ್ತಿತ್ತಂತೆ, ಇವನು ಅದರ ಮೇಲೆ ಕೈ ಆಡಿಸಿದರೆ ಸಾಕು. ಈಗ ಕಣ್ಣು ಮುಚ್ಚಿದರೆ ಬರೀ ಕತ್ತಲು. ಹೆಂಡತಿಯ ಮುಖವೂ ಕಣ್ಣು ತೆರೆದರೆ ಮಾತ್ರ. ಹಳೆಯ ಚಿತ್ರದ ಮೇಲೆ ತೆಳು ಕಾಗದ ಇಟ್ಟು ಗೆರೆ ತಿದ್ದೋಣ ಅಂತ ಗುರವ್ವ ಹೇಳಿದಾಗ ಅವನು ಕುಂಚ ಒಗೆದು ಎದ್ದುಹೋಗಿದ್ದ. ಕಾಗದ ಇಟ್ಟು ತಿದ್ದುವವರನ್ನು ಅವನು ಜೀವಮಾನವಿಡೀ ನಕ್ಕು ಆಡಿಕೊಂಡವನು.

ಅಂದಿನಿಂದ ಮನೆಯ ಗೆರೆಯೆಲ್ಲ ಗುರವ್ವನದು. ಮಡಿವಾಳೆಪ್ಪ ಅರಗು ಕಾಯಿಸುತ್ತಿದ್ದ, ಕೇದಗಿ ಗರಿಯಿಂದ ಹಲಗೆ ತಿಕ್ಕಿ ಹೊಳಪು ಕೊಡುತ್ತಿದ್ದ. ಮಧ್ಯಾಹ್ನ ಉಂಡಮೇಲೆ ಕೋಲು ಹಿಡಿದುಕೊಂಡು ಬಸವಣ್ಣನ ಗುಡಿಯ ಕಟ್ಟೆಗೆ ಹೋಗಿ ಕೂತು ಸಂಜೆಗೆ ಬರುತ್ತಿದ್ದ.

ಅವನಂತೂ ಅಲ್ಲ. ಹಾಗಾದರೆ ಯಾರು?

ಬಸ್ಸಿಳಿದವಳು ಮನೆಗೆ ಹೋಗದೆ ನೇರ ಇಸ್ಮಾಯಿಲಸಾಬನ ಕೊಟ್ಟಿಗೆಗೆ ಹೋದಳು. ಅವನು ಅವರಿಗೆ ತೊಟ್ಟಿಲ ಕಟ್ಟಿಗೆ ಕೆಲಸ ಮಾಡಿಕೊಡುವ ಬಡಿಗ. ಅವನ ಅಪ್ಪ ಮಡಿವಾಳೆಪ್ಪನ ಅಪ್ಪನಿಗೆ ಮಾಡಿಕೊಟ್ಟವನು. ಆ ಮನುಷ್ಯನನ್ನು ಸಂಶಯಪಡುವುದು ತನ್ನ ಕೈಯನ್ನೇ ಸಂಶಯಪಟ್ಟ ಹಾಗೆ. ಆದರೂ ಅವಳು ಸುತ್ತುಬಳಸಲಿಲ್ಲ.

"ಇಸ್ಮಾಯಿಲಣ್ಣಾ, ಹನಮಂತಪ್ಪನ ಅಂಗಡಿಗೆ ಒಂದ ತೊಟ್ಟಿಲ ಕೊಟ್ಟೀಯಂತ. ಯಾರು ಬರದಿದ್ದು?"

ಇಸ್ಮಾಯಿಲಸಾಬ ಉಳಿಯನ್ನು ಕೆಳಗಿಟ್ಟು ಗಡ್ಡ ಕೆರೆದುಕೊಂಡ. "ನಿಮ್ಮ ಮನೀದ ಐತೆವ್ವಾ ಅದು."

"ನಾ ಬರದಿಲ್ಲ."

"ನೀ ಬರದೀ ಅಂತ ನಾ ಎಲ್ಲಿ ಅಂದೆ?" ಅಂದವನು, ಮಾತು ಜಾರಿತೇನೋ ಅನ್ನುವ ಹಾಗೆ ಥಟ್ಟನೆ ಎದ್ದು ಒಳಗೆ ನೀರು ಕುಡಿಯಲು ಹೋದ. ಅವನು ಬರುವ ತನಕ ಗುರವ್ವ ಕೊಟ್ಟಿಗೆಯ ತುಂಬ ಕಣ್ಣಾಡಿಸಿದಳು. ಗೋಡೆಗೆ ಆನಿಸಿ ಒಂದು ವಿಚಿತ್ರ ಸಾಮಾನು ಇತ್ತು: ಕವಲೊಡೆದ ಕಟ್ಟಿಗೆ, ಮೊಳ ಎತ್ತರ, ಕವಲಿಗೆ ಅರಿವೆ ಸುತ್ತಿತ್ತು, ಕೆಳಗೆ ಅಗಲವಾದ ಪೀಠ. ಊರುಗೋಲು ಅನ್ನೋಣ ಅಂದರೆ ಗಿಡ್ಡ.

"ಇದೇನಿದು?"

"ಅದಾ? ದಿನಕರ ಮಾಸ್ತರ ಮಾಡಸ್ಯಾರ. ಅವರ ತಾಯಿಗೆ... ಗದ್ದಕ್ಕ." ಅಷ್ಟು ಹೇಳಿ ಉಳಿ ಎತ್ತಿಕೊಂಡ. ಗದ್ದಕ್ಕೆ ಎಂಥ ಊರುಗೋಲು ಅಂತ ಅವಳು ಕೇಳಲಿಲ್ಲ. ಅವಳಿಗೆ ಹೆಸರು ಸಿಕ್ಕಿತ್ತು.

ದಿನಕರ ಮಾಸ್ತರ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಮೊದಲು ಪುಣೆಯಲ್ಲಿ ದುರ್ಬೀನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದನಂತೆ. ಅದು ಮುಚ್ಚಿದ ಮೇಲೆ ತಾಯಿ ದ್ವಾರಕಾಬಾಯಿಯನ್ನು ಕರೆದುಕೊಂಡು ಕಲಘಟಗಿಗೆ ಬಂದಿದ್ದ. ಯುಗಾದಿಯ ಹೊತ್ತಿಗೆ ಒಮ್ಮೆ ಕ್ಯಾಮರಾ ಹಿಡಿದು ಗುರವ್ವನ ಮನೆಗೂ ಬಂದಿದ್ದ. ತೊಟ್ಟಿಲ ಚಿತ್ರಗಳನ್ನು ತೆಗೆದು ಇಟ್ಟುಕೊಳ್ಳಬೇಕು, ಮುಂದೆ ನೋಡಲು ಉಳಿಯಬೇಕು ಅಂದಿದ್ದ. ಮೊದಲು ಹೂಂ ಅಂದ ಗುರವ್ವ, ಅವನು ಒಂದೊಂದು ಹಲಗೆಯ ಮುಂದೆಯೂ ಮಂಡಿಯೂರಿ ಟೇಪು ಹಿಡಿದು ಅಳತೆ ಬರೆದುಕೊಳ್ಳತೊಡಗಿದಾಗ "ಸಾಕ್ರಿ" ಅಂದಿದ್ದಳು. ನೋಡಲು ಉಳಿಯುವ ಚಿತ್ರಕ್ಕೆ ಅಳತೆ ಯಾಕೆ? ಆ ಸಂಶಯ ಅಂದೇ ಹುಟ್ಟಿತ್ತು. ಕೇಳುವವರಿಲ್ಲದೆ ಮಲಗಿತ್ತು, ಈಗ ಎದ್ದು ಕೂತಿತು.

ಆ ವಾರವೆಲ್ಲ ಅವಳು ಕೆಲಸ ಮಾಡುತ್ತಲೇ ಎಲ್ಲವನ್ನೂ ಗಮನಿಸಿದಳು. ಗಮನಿಸುತ್ತ ಹೋದಂತೆ ಸಂಶಯ ಮಾಸ್ತರನ ಮನೆಯಿಂದ ಹೊರಟು ತನ್ನ ಮನೆಯ ಹೊಸ್ತಿಲಿಗೆ ಬಂತು. ಗಂಡನ ಅಂಗಿ ಒಗೆಯುವಾಗ ಕಿಸೆಯಲ್ಲಿ ಬ್ಯಾಟರಿಯ ಎರಡು ಸೆಲ್ಲು ಸಿಕ್ಕವು. ಮನೆಯಲ್ಲಿದ್ದ ಬ್ಯಾಟರಿಗೆ ಆ ಸೆಲ್ಲು ಹಿಡಿಯುತ್ತಲೇ ಇರಲಿಲ್ಲ. ಸಂಜೆ ಅವನು ಗುಡಿಯಿಂದ ಬಂದಾಗ ಮೂಗಿನ ದಿಂಡಿನ ಮೇಲೆ ಎರಡು ಕಡೆ ಕೆಂಪಗೆ ಒತ್ತಿದ ಗುರುತು ಇರುತ್ತಿತ್ತು. ಅವನೇನು ಚಾಳೀಸು ಹಾಕುವವನಲ್ಲ, ಮನೆಯಲ್ಲಿ ಕನ್ನಡಕವೇ ಇರಲಿಲ್ಲ.

"ಮೂಗಿಗೆ ಏನಾತ್ರಿ?"

"ನೊಣ ಕೂತಿತ್ತು, ತಿಕ್ಕಿದೆ."

ಬಲಗೈ ಬೆರಳಿನ ಉಗುರಿನ ಬುಡದಲ್ಲಿ ಕರಿ ಬಣ್ಣ. ಎರಡು ವರ್ಷದಿಂದ ಕರಿ ಬಣ್ಣ ಮುಟ್ಟದ ಕೈ ಅದು. ಗುಡಿಯ ಪೂಜಾರಿ ಮಲಕಪ್ಪ ಎದುರಿಗೆ ಸಿಕ್ಕಾಗ ಗಂಡನ ವಿಚಾರ ತೆಗೆದಳು. "ನಿಮ್ಮವರು ಗುಡಿ ಕಟ್ಟೀಗೆ ಬಾರದ ನಾಲ್ಕು ತಿಂಗಳ ಆತಲ್ಲಬೇ, ಆರಾಮ ಇದ್ದಾರಿಲ್ಲೋ?" ಅಂತ ಅವನೇ ತಿರುಗಿ ಕೇಳಿದ.

ಗುರವ್ವ ಒಲೆಯ ಮುಂದೆ ಕೂತು ಯೋಚನೆ ಮಾಡಿದಳು. ಗಂಡ ತನ್ನ ಚಿತ್ರಗಳನ್ನು ಒಯ್ದು ಮಾಸ್ತರನಿಗೆ ಕೊಡುತ್ತಿದ್ದಾನೆ. ಮಾಸ್ತರ ಎಲ್ಲಿಂದಲೋ ಬರೆಯುವವನನ್ನು ತಂದು ಕೂಡಿಸಿದ್ದಾನೆ. ಇಸ್ಮಾಯಿಲಸಾಬ ಕಟ್ಟಿಗೆ ಕೊಡುತ್ತಾನೆ. ಮೂರೂ ಮಂದಿ ಕೂಡಿ, ತಾನು ಬೆನ್ನು ಮುರಿದು ಬರೆದದ್ದನ್ನು ತನ್ನ ಕಣ್ಣ ಹಿಂದೆ ಮಾರುತ್ತಿದ್ದಾರೆ. ಯಾಕೆ ಅನ್ನುವುದಕ್ಕೆ ಅವಳಿಗೆ ಉತ್ತರ ಸಿಗಲಿಲ್ಲ. ಕಾಯಿಲೆ ಮನುಷ್ಯನ ಬುದ್ಧಿಯನ್ನೂ ತಿರುವುತ್ತದೇನೋ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು, ಆದರೆ ಸಂಶಯ ಹೋಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಡಿವಾಳೆಪ್ಪ ಕೋಲು ಹಿಡಿದು ಹೊರಟಾಗ ಅವಳು ನಾಲ್ಕು ಮನೆ ಹಿಂದೆ ಹೊರಟಳು. ಅವನು ಗುಡಿ ದಾಟಿದ, ಕೆರೆಯ ಏರಿ ಹತ್ತಿದ, ದಿನಕರ ಮಾಸ್ತರನ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಹೋದ. ತನ್ನದೇ ಮನೆ ಅನ್ನುವ ಹಾಗೆ, ಕೂಗದೆ, ಕೆಮ್ಮದೆ.

ಮುಂಬಾಗಿಲಲ್ಲಿ ದ್ವಾರಕಾಬಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಗುರವ್ವನನ್ನು ಕಂಡು ಅವಳ ಕೈ ನಿಂತಿತು.

"ಬರ್ರಿ ಗುರವ್ವಾ, ಕೂಡ್ರಿ. ಚಹಾ ಮಾಡ್ತೀನಿ."

"ಚಹಾ ಬ್ಯಾಡ್ರಿ. ನಮ್ಮವರು ಎಲ್ಲಿ?"

"ಅಯ್ಯ, ಅವರು ಇಲ್ಲ್ಯಾಕ..." ಅಂದ ಮುದುಕಿಗೆ ಸುಳ್ಳು ಹೇಳಿ ರೂಢಿ ಇರಲಿಲ್ಲ. ಕಣ್ಣು ತಾನಾಗಿ ಹಿಂದಿನ ಖೋಲಿಯ ಕಡೆ ಹೋಯಿತು. ಗುರವ್ವ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಖೋಲಿಯಲ್ಲಿ ಅರೆಗತ್ತಲೆ. ಕಿಟಕಿಗೆ ಕಂಬಳಿ ಇಳಿಬಿಟ್ಟು ಒಂದು ಗೇಣು ಮಾತ್ರ ಬೆಳಕು ಬಿಟ್ಟಿದ್ದರು. ಇಸ್ಮಾಯಿಲಸಾಬನ ಕೊಟ್ಟಿಗೆಯಲ್ಲಿ ಕಂಡ ಕವಲು ಮೇಜಿನ ಮೇಲೆ ನಿಂತಿತ್ತು. ಅದರ ಮೇಲೆ ಗದ್ದ ಊರಿ ಮಡಿವಾಳೆಪ್ಪ ಕೂತಿದ್ದ. ಅವನ ಮುಖಕ್ಕೆ ಒಂದು ಚಾಳೀಸು. ಚಾಳೀಸಿನ ಬಲದ ಕಡ್ಡಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ತಗಡಿನ ಕೊಳವೆ, ಬಲಗಣ್ಣಿನ ಮುಂದೆ ಓರೆಯಾಗಿ ನಿಂತ ಉಗುರಗಲದ ಗಾಜು. ಕೊಳವೆಯಿಂದ ಎರಡು ತಂತಿ ಇಳಿದು ಅಂಗಿಯ ಕಿಸೆಗೆ ಹೋಗಿದ್ದವು. ಮುಂದೆ ಬಿಳಿ ಹಲಗೆ. ಅದರ ಮೇಲೆ ಒಂದು ಗುರುತಿಲ್ಲ, ಒಂದು ಚುಕ್ಕೆ ಇಲ್ಲ. ಆದರೂ ಅವನ ಕುಂಚ, ಹಾದಿ ಗೊತ್ತಿದ್ದ ಎತ್ತಿನ ಹಾಗೆ, ಎಲ್ಲಿಯೂ ತಡೆಯದೆ ಸಾಗುತ್ತಿತ್ತು. ಹಣೆ ಬಂತು, ಹುಬ್ಬು ಬಂತು, ಕಣ್ಣಿನ ಕೊನೆ ಕಿವಿಯ ತನಕ ಹೋಗಿ ಒಂದು ಚುಕ್ಕೆಯಲ್ಲಿ ನಿಂತಿತು.

ಗುರವ್ವ ಎರಡು ವರ್ಷದ ಮೇಲೆ ಗಂಡನ ಕೈ ಹಾಗೆ ಆಡುವುದನ್ನು ಕಂಡಿದ್ದಳು. ಸಂತೋಷವೇ ಮೊದಲು ಬಂದದ್ದು. ಅದರ ಬೆನ್ನಿಗೇ ಸಿಟ್ಟು ಬಂತು.

"ಅದು ನನ್ನ ಕಣ್ಣು" ಅಂದಳು.

ಮಡಿವಾಳೆಪ್ಪ ಬೆಚ್ಚಿ ಗದ್ದ ಎತ್ತಿದ. ಪಕ್ಕದಲ್ಲಿ ನಿಂತಿದ್ದ ದಿನಕರ ಮಾಸ್ತರ ಕೈಯಲ್ಲಿದ್ದ ಚಿಮಟಿಗೆ ಬೀಳಿಸಿದ.

"ನನ್ನ ಕೃಷ್ಣನ್ನ ಹುಬ್ಬಳ್ಳ್ಯಾಗ ಎಡಚನ್ನ ಮಾಡಿ ನಿಲ್ಲಿಸೀರಿ. ಮನಿಯಾಗ ಒಂದ ಮಾತ ಹೇಳಬಾರದಾಗಿತ್ತ?"

"ಏನಂತ ಹೇಳ್ಲಿ?" ಮಡಿವಾಳೆಪ್ಪನ ಧ್ವನಿ ಸಣ್ಣದಿತ್ತು. "ಕೈ ಇನ್ನೂ ಅಂಗಡ್ಯಾಗ ನಿಲ್ಲತೈತೇನು ಅಂತ ನೋಡಾಕ ಕಳಿಸಿದೆ. ನಿನಗ ಕಲಿಸಿದವ ನಾನು. ಈಗ ನಿನ್ನ ಗೆರಿ ಮ್ಯಾಲೆ ಕೈ ಆಡಸ್ತೀನಿ ಅಂತ ಹೇಳ್ಲ್ಯಾ? ಕಾಗದ ಇಟ್ಟು ತಿದ್ದವರನ್ನ ನಕ್ಕವ ನಾನು."

ಗುರವ್ವ ಮಾಸ್ತರನ ಕಡೆ ತಿರುಗಿದಳು. "ಏನಿದು? ಖರೇ ಹೇಳ್ರಿ."

ದಿನಕರ ಹೇಳತೊಡಗಿದ. ಮೊದಲು ತೊದಲಿದ, ಆಮೇಲೆ ಪಾಠ ಹೇಳುವವನ ಹುರುಪು ಬಂತು. ವಿಮಾನದ ಪೈಲಟರ ಮುಂದೆ ಒಂದು ಗಾಜು ಇರುತ್ತದೆ. ಅದರಲ್ಲಿ ಅಂಕಿ ಗೆರೆ ಮೂಡುತ್ತವೆ, ಅದರ ಮೂಲಕವೇ ಹೊರಗಿನ ಆಕಾಶವೂ ಕಾಣುತ್ತದೆ ಅಂತ ಅವನು ಒಂದು ಪತ್ರಿಕೆಯಲ್ಲಿ ಓದಿದ್ದ. ಆ ಗಾಜು ಒಂದು ಮೇಜಿನಷ್ಟು ಜಾಗ ತಿನ್ನುವ ಯಂತ್ರದ್ದು. ಅದನ್ನೇ ಚಾಳೀಸಿನಲ್ಲಿ ಕೂಡಿಸಲು ಬರುವುದೋ ಏನೋ ಅಂತ ಹುಚ್ಚು ಹತ್ತಿತ್ತು. ಮಡಿವಾಳೆಪ್ಪನ ಕಷ್ಟವನ್ನು ಇಸ್ಮಾಯಿಲಸಾಬ ಹೇಳಿದಾಗ ಆ ಹುಚ್ಚಿಗೊಂದು ಕೆಲಸ ಸಿಕ್ಕಿತು.

"ಮೊದಲು ಮಾಡಿದ್ದು ತಲಿಗೆ ಕಟ್ಟೂ ಪೆಟ್ಟಿಗಿ. ಸೇರಗಟ್ಟಲೆ ಭಾರ, ಕತ್ತು ಮುರೀತಿತ್ತು. ಆಮ್ಯಾಲೆ ಒಂದು ಕ್ಯಾಮರಾದ ಸಣ್ಣ ಮಸೂರ ಸಿಕ್ತು. ಕನ್ನಡಿ ಗಾಜು ಹಾಕಿದ್ರ ಚಿತ್ರ ಎರಡೆರಡು ಕಾಣ್ತಿತ್ತು, ಗಾಜಿನ ಮುಂದಿನ ಮೈದೊಂದು, ಹಿಂದಿನ ಮೈದೊಂದು. ಮೂರು ತಿಂಗಳು ತಲಿ ಕೆಡ್ತು. ಕಡೀಕ ಶಾಲ್ಯಾಗ ಸೂಕ್ಷ್ಮದರ್ಶಕಕ್ಕ ಇಡೂ ಗಾಜಿನ ಚೂರು ಇರ್ತಾವಲ್ಲ, ಹಾಳಿಯಷ್ಟು ತೆಳ್ಳಗ, ಅದಕ್ಕ ಅರ್ಧ ಬೆಳ್ಳಿ ಏರಿಸಿದೆ. ಅರ್ಧ ಬೆಳಕು ತಿರಗ್ತದ, ಅರ್ಧ ಹಾದು ಹೋಗ್ತದ. ಚಿತ್ರಾನೂ ಕಾಣ್ತದ, ಹಲಗೀನೂ ಕಾಣ್ತದ."

"ಕೃಷ್ಣ ಯಾಕ ಎಡಚ ಆದ?"

ಮಾಸ್ತರ ತಲೆ ತಗ್ಗಿಸಿದ. "ಒಂದು ಸಲ ಪ್ರತಿಬಿಂಬ ಆದ್ರ ಎಡ ಬಲ ಅದಲಿ ಬದಲಿ ಆಗ್ತದ. ಎಂಟನೇತ್ತಾ ಹುಡುಗರಿಗೆ ನಾನ ಕಲಸ್ತೀನಿ. ನಾನ ಮರತೆ. ಇವರು ಬರದು ಮುಗಿಸಿದ ಮ್ಯಾಲೆ ಗೊತ್ತಾತು. ಈಗ ಕೊಳವ್ಯಾಗ ಸಣ್ಣ ದೀಪದ ಮುಂದ ಇಟ್ಟ ನಿಮ್ಮ ಚಿತ್ರದ ಫಿಲ್ಮು ತಿರುವಿ ಹಾಕೀನಿ."

ಗುರವ್ವ ಕೈ ಚಾಚಿದಳು. ಮಡಿವಾಳೆಪ್ಪ ಕಿಸೆಯ ಸೆಲ್ಲುಗಳ ಸಮೇತ ಅದನ್ನು ಬಿಚ್ಚಿಕೊಟ್ಟ. ಅವಳು ಗದ್ದವನ್ನು ಕವಲಿನ ಮೇಲಿಟ್ಟು ಚಾಳೀಸು ಏರಿಸಿಕೊಂಡಳು. ಮೊದಲು ಏನೂ ಕಾಣಲಿಲ್ಲ, ಬರೀ ಮಬ್ಬು. "ಸ್ವಲ್ಪ ಕೆಳಗ್ರಿ, ಕಣ್ಣು ಒಂದು ಜ್ವಾಳದ ಕಾಳಿನಷ್ಟು ಸರದ್ರೂ ಚಿತ್ರ ಓಡಿ ಹೋಗ್ತದ" ಅಂದ ಮಾಸ್ತರ. ಅವಳು ಸರಿದಳು. ಹೊಳೆಯುವ ಗೆರೆಗಳ ಕೃಷ್ಣ ಹಲಗೆಯ ಮೇಲೆ ಬಂದು ನಿಂತ.

ಕಾಗದದ ಮೇಲಿದ್ದ ಹಾಗಲ್ಲ. ಬೆಳಕಿನ ನೂಲಿನಿಂದ ಹೊಲಿದ ಹಾಗೆ, ಹಲಗೆಯ ನಾರಿನ ಮೇಲೆ ಕೂತಿದ್ದ. ಗೆರೆಯ ನಡುವೆ ಹಲಗೆ ಹಲಗೆಯಾಗಿಯೇ ಇತ್ತು, ತನ್ನ ಬೆರಳು ಬೆರಳಾಗಿಯೇ ಇತ್ತು. ಫೋಟೋದ ನೆಗೆಟಿವ್ ಫಿಲ್ಮನ್ನು ಹಾಗೇ ಇಟ್ಟಿದ್ದಕ್ಕೆ ತನ್ನ ಕರಿ ಗೆರೆ ಬೆಳಕಾಗಿ, ಉಳಿದದ್ದೆಲ್ಲ ಕತ್ತಲಾಗಿ ಹಾಗೆ ಕಾಣುತ್ತದೆ ಅಂತ ಮಾಸ್ತರ ಹೇಳುತ್ತಿದ್ದ. ಅವಳಿಗೆ ಅರ್ಧ ಕೇಳಿಸಿತು. ಗೆರೆ ಮತ್ತು ಹಲಗೆ ಎರಡೂ ಒಂದೇ ದೂರದಲ್ಲಿ ನಿಲ್ಲಲಿ ಅಂತ, ಒಂದನ್ನು ನೋಡುವಾಗ ಇನ್ನೊಂದು ಮಸುಕಾಗದಿರಲಿ ಅಂತ ಮಸೂರವನ್ನು ಅಕ್ಕಿಕಾಳಿನಷ್ಟು ಹಿಂದೆ ಮುಂದೆ ಮಾಡುತ್ತ ಒಂದು ಬೇಸಿಗೆ ಕಳೆದನಂತೆ. ತಲೆ ಅಲುಗಿದರೆ ಚಿತ್ರವೂ ಅಲುಗುತ್ತದೆ, ಅದಕ್ಕೇ ಗದ್ದಕ್ಕೆ ಕವಲು. ಗುರವ್ವ ತೋರುಬೆರಳಿನಿಂದ ಕೃಷ್ಣನ ಹುಬ್ಬಿನ ಮೇಲೆ ಒಂದು ಸಲ ಎಳೆದಳು. ತನ್ನ ಗೆರೆ ತನಗೇ ಯಾರೋ ಬೇರೆಯವರು ಕಲಿಸಿದ ಹಾಗಿತ್ತು.

ಚಾಳೀಸು ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ಯಾರು ಹಾಕ್ಕೊಂಡ್ರೂ ನನ್ನ ಚಿತ್ರ ಬರೀಬಹುದಲ್ಲ?"

"ಬರೀಬಹುದು" ಅಂದ ದಿನಕರ. ಸ್ವಲ್ಪ ತಡೆದು, "ಕೈ ಪಳಗಿದವರು ಬರೀಬಹುದು. ಪಳಗದವರೂ ತಿಂಗಳೊಪ್ಪತ್ತಿನ್ಯಾಗ ಸುಮಾರು ಬರೀಬಹುದು. ಸುಳ್ಳು ಹೇಳೂದಿಲ್ಲ."

"ಹನಮಂತಪ್ಪನಂಥವರು ಇಂಥಾವ ಹತ್ತು ಮಾಡಿಕೊಡು ಅಂದ್ರ?"

"ಅಂದಿಲ್ಲ ಇನ್ನೂ."

"ಇನ್ನೂ" ಅನ್ನುವ ಮಾತು ಗುರವ್ವನ ಕಿವಿಯಲ್ಲಿ ಕೂತಿತು. ಈ ಮನುಷ್ಯ ಕೆಟ್ಟವನಲ್ಲ ಅಂತ ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಆದರೆ ಅವನ ಕಣ್ಣಿನಲ್ಲಿ ತನ್ನ ವಸ್ತುವಿನ ಮೇಲಿದ್ದ ಮೋಹವನ್ನೂ ಅವಳು ಕಂಡಿದ್ದಳು. ಅಂಥ ಮೋಹ ಇದ್ದವನನ್ನು ಪೂರ್ತಿ ನಂಬಬಾರದು. ಹೊಗಳುವವರು ಬಂದರೆ ಅವನು ಕೊಟ್ಟುಬಿಡುತ್ತಾನೆ.

"ನನ್ನ ಫಿಲ್ಮು ಎಲ್ಲಾ ಕೊಡ್ರಿ."

ಮಾಸ್ತರ ಒಂದು ಲಕೋಟೆ ತಂದು ಕೈಗಿತ್ತ. ಅವಳು ಕಂಬಳಿ ಸರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂಬತ್ತು ಇದ್ದವು. "ಮತ್ತ ಇಲ್ಲೇನು?" "ಇಲ್ಲ." "ಅವ್ವನ ಆಣಿ?" ಬಾಗಿಲಲ್ಲಿ ನಿಂತಿದ್ದ ದ್ವಾರಕಾಬಾಯಿ, "ನನ್ನ ಆಣಿ ಅವ ಸುಳ್ಳು ಮಾಡೂದಿಲ್ಲವಾ" ಅಂದಳು. ಗುರವ್ವ ಲಕೋಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಕೋಲು ಎತ್ತಿ ಕೊಟ್ಟಳು. "ಏಳ್ರಿ, ಹೋಗೂಣು."

ಮಡಿವಾಳೆಪ್ಪ ಎದ್ದ. ಅರ್ಧ ಬರೆದ ಕೃಷ್ಣನ ಕಡೆ ಒಮ್ಮೆ ನೋಡಿದ. ಮನೆಗೆ ಬಂದು ಅರಗು ಕಾಯಿಸಲು ಕೂತ.

ನಾಲ್ಕು ದಿನ ಹಾಗೇ ಹೋದವು. ಅವನು ಉಣ್ಣುತ್ತಿದ್ದ, ಹಲಗೆ ತಿಕ್ಕುತ್ತಿದ್ದ, ಮಧ್ಯಾಹ್ನ ಎಲ್ಲಿಗೂ ಹೋಗುತ್ತಿರಲಿಲ್ಲ. ಮೂಗಿನ ಮೇಲಿನ ಕೆಂಪು ಮಾಸುತ್ತ ಬಂತು. ಗುರವ್ವ ಬರೆಯುವಾಗ ಅವನು ದೂರ ಕೂತು ಅವಳ ಕುಂಚ ನೋಡುತ್ತಿದ್ದ. ಅವಳು ತಿರುಗಿ ನೋಡಿದರೆ ಕಣ್ಣು ತಪ್ಪಿಸುತ್ತಿದ್ದ. ಐದನೇ ದಿನ ಅವಳೇ ಕುಂಚ ಕೆಳಗಿಟ್ಟಳು.

"ನಿಮ್ಮ ಗೆರಿ ಇರಬೇಕಾದ್ರ ನನ್ನ ಗೆರಿ ಯಾಕ ತಿದ್ದತೀರಿ?"

"ನಂದು ಎಲ್ಲೈತಿ?"

ಅದು ನಿಜವೇ. ಅವನು ಬರೆದದ್ದೆಲ್ಲ ಮಾರಿಹೋಗಿತ್ತು. ಕೂಸು ಮಲಗಿ ಎದ್ದು ದೊಡ್ಡದಾದ ಮನೆಗಳಲ್ಲಿ ಚದುರಿಹೋಗಿತ್ತು. ಗುರವ್ವನಿಗೆ ಒಂದು ನೆನಪಿತ್ತು: ಹದಿನೈದು ವರ್ಷದ ಹಿಂದೆ ಕುಬಿಹಾಳದ ದುರ್ಗವ್ವನ ಮನೆಗೆ, ಅವಳ ಮೊದಲ ಮಗಳು ಹುಟ್ಟಿದಾಗ, ಮಡಿವಾಳೆಪ್ಪ ಒಂದು ತಿಂಗಳು ಕೂತು ಬರೆದ ತೊಟ್ಟಿಲು. ಆನೆಯ ಮೆರವಣಿಗೆ ಇತ್ತು ಅದರ ಮೇಲೆ.

ಮರುದಿನ ಅವಳು ಮಾಸ್ತರನ ಮನೆಗೆ ಹೋದಳು. ಕೂಡ್ರಿ ಅಂದರೂ ಕೂಡಲಿಲ್ಲ. "ಆಯಿತವಾರ ಕ್ಯಾಮರಾ ತಗೊಂಡು ಬರ್ರಿ. ಕುಬಿಹಾಳಕ್ಕ ಹೋಗೂದೈತಿ." ಅವನ ಮುಖ ಅರಳಿತು. ಅದನ್ನು ಕಂಡು ಅವಳಿಗೆ ಮತ್ತೆ ಅನುಮಾನ ಬಂತು. "ಫಿಲ್ಮು ತೊಳದ ಮ್ಯಾಲೆ ಎಲ್ಲಾ ನನ್ನ ಕೈಯಾಗ" ಅಂದಳು. "ಎಲ್ಲಾ" ಅಂದ ಅವನು.

ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಕುಂದಗೋಳಕ್ಕೆ ಒಂದು, ಅಲ್ಲಿಂದ ಚಕ್ಕಡಿ. ದಾರಿಯುದ್ದಕ್ಕೂ ಕರಿ ಹೊಲ, ಎದೆಮಟ್ಟ ಬೆಳೆದ ಜೋಳ, ಅಲ್ಲಲ್ಲಿ ಮೆಣಸಿನಕಾಯಿ. ದುರ್ಗವ್ವ ಇವರನ್ನು ಕೂಡಿಸಿ ನೀರು ಬೆಲ್ಲ ಕೊಟ್ಟಳು. ಬಂದ ಕಾರಣ ಕೇಳಿದ ಮೇಲೆ ಅವಳ ಮುಖ ಬಿಗಿಯಿತು. ತೊಟ್ಟಿಲು ಅಟ್ಟದ ಮೇಲಿತ್ತು, ಉಳ್ಳಾಗಡ್ಡಿ ತುಂಬಿಟ್ಟಿದ್ದಳು.

"ಫೋಟೋ ತಗದು ಏನ ಮಾಡ್ತೀರಿ?"

"ನೋಡಾಕ ಇರಲಿ ಅಂತವಾ."

"ನೋಡಾಕ ಇಷ್ಟ ದೂರ ಬಂದೀರಿ? ಟೇಪ ಯಾಕ ತಂದಾರ ಇವರು?"

ದಿನಕರ ಮಾಸ್ತರ ಟೇಪನ್ನು ಮೆಲ್ಲಗೆ ಚೀಲದೊಳಗೆ ಸರಿಸಿದ. ಯುಗಾದಿಯಲ್ಲಿ ಗುರವ್ವನ ಮನಸ್ಸಿಗೆ ಬಂದದ್ದೂ ಇದೇ ಮಾತು. ಆ ಹೆಂಗಸಿನ ಕಣ್ಣಿನಲ್ಲಿ ತಾನು ಈಗ ಏನಾಗಿ ಕಾಣುತ್ತಿದ್ದೇನೆ ಅನ್ನುವುದು ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ನಿಜ ಹೇಳಿಬಿಟ್ಟಳು. ಗಂಡನಿಗೆ ಆದದ್ದು, ಕಣ್ಣು ಮುಚ್ಚಿದರೆ ಕತ್ತಲಾಗುವುದು, ಗಾಜಿನ ಚೂರು, ಎಡಚ ಕೃಷ್ಣ, ಎಲ್ಲ. ಗಾಜಿನ ಸಂಗತಿಯನ್ನು ದುರ್ಗವ್ವ ನಂಬಿದ ಹಾಗೆ ಕಾಣಲಿಲ್ಲ. ಆದರೆ "ನಿನ್ನ ಮುಖಾನೂ ನೆನಪಿಗೆ ಬರೂದಿಲ್ಲಂತ?" ಅಂತ ಎರಡು ಸಲ ಕೇಳಿದಳು. ಆಮೇಲೆ ಎದ್ದು ಉಳ್ಳಾಗಡ್ಡಿ ಸುರಿದು ತೊಟ್ಟಿಲು ಇಳಿಸಿಕೊಟ್ಟಳು. ಮಾಸ್ತರ ಫೋಟೋ ತೆಗೆಯುವಷ್ಟು ಹೊತ್ತೂ ಎದೆಯ ಮೇಲೆ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಗುರವ್ವ ಅವಳನ್ನು ತಪ್ಪು ತಿಳಿಯಲಿಲ್ಲ.

ಹತ್ತು ದಿನಕ್ಕೆ ಫಿಲ್ಮು ಬಂತು. ಮಾಸ್ತರ ಚಾಳೀಸು, ಕವಲು ಎಲ್ಲವನ್ನೂ ಹೊತ್ತುಕೊಂಡು ಗುರವ್ವನ ಮನೆಗೇ ಬಂದ. ಮೂಗಿಗೆ ಒತ್ತುವ ಕಡೆ ಮೆತ್ತನೆಯ ಚರ್ಮ ಹಚ್ಚಿದ್ದ. ಫಿಲ್ಮನ್ನು ತಿರುವಿ ಹಾಕಿ, ಸರಿಯಾಗಿದೆಯೋ ಅಂತ ಮೂರು ಸಲ ತಾನೇ ನೋಡಿ, ಶಾಲೆಗೆ ಹೊತ್ತಾಯಿತು ಅಂತ ಹೊರಟುಹೋದ.

ಮಡಿವಾಳೆಪ್ಪ ಗದ್ದ ಊರಿ ಕೂತ. ಗುರವ್ವ ಹಲಗೆ ಹಿಡಿದು ಎದುರಿಗೆ ಕೂತಳು. ಬಹಳ ಹೊತ್ತು ಅವನು ಕುಂಚ ಎತ್ತಲಿಲ್ಲ. ತುಟಿ ಮಾತ್ರ ಅಲುಗುತ್ತಿದ್ದವು.

"ಆನಿ ಮ್ಯಾಲಿನ ಮಾವುತ ಹಿಂದ ಹೊಳ್ಳಿ ನೋಡ್ತಾನ" ಅಂದ. "ಭಾರಿ ಮಾಡ್ಯಾನ. ಆನಿ ಮುಂದ, ಮಾರಿ ಹಿಂದ. ಯಾರು ಬರದಾರ ಇದನ್ನ?"

"ನೀವ."

ಅವನು ಚಾಳೀಸು ತೆಗೆದು ಅವಳನ್ನೇ ನೋಡಿದ. ಕಣ್ಣು ಸಣ್ಣ ಮಾಡಿ, ಸಂತೆಯಲ್ಲಿ ತಕ್ಕಡಿ ನೋಡುವವನ ಹಾಗೆ.

"ಸುಳ್ಳ."

"ಖರೇ. ಕುಬಿಹಾಳದ ದುರ್ಗವ್ವನ ತೊಟ್ಟಿಲಾ. ಒಂದ ತಿಂಗಳ ಕುಂತು ಬರದಿದ್ದಿರಿ."

"ಕುಬಿಹಾಳಕ್ಕ ನಾ ಹೋಗಿದ್ದು ನೆನಪೈತಿ. ಬರದಿದ್ದೂ ನೆನಪೈತಿ. ಇದು ಅದ ಅಂತ ನಾ ಹ್ಯಾಂಗ ನಂಬ್ಲಿ? ನನ್ನ ಸಮಾಧಾನಕ್ಕ ಹೇಳಾಕತ್ತಿ. ಆ ಮಾಸ್ತರ ಎಲ್ಲಿಂದೋ ತಂದಾನ."

"ದುರ್ಗವ್ವನ್ನ ಕರಿಸಿ ಕೇಳಸ್ಲ್ಯಾ?"

"ಅಕಿಗೂ ನೀ ಹೇಳಿಕೊಟ್ಟಿರ್ತಿ."

ಗುರವ್ವನಿಗೆ ಅಳು ಬರುವ ಹಾಗಾಯಿತು, ಅದರ ಬದಲು ನಗು ಬಂತು. ಆಣೆ ಮಾಡಲು ಬಾಯಿ ತೆರೆದವಳು ಮಾಡಲಿಲ್ಲ. ಅವನು ನಂಬುವವನಲ್ಲ ಅಂತ ಗೊತ್ತಾಗಿತ್ತು. ಮಡಿವಾಳೆಪ್ಪ ಮತ್ತೆ ಚಾಳೀಸು ಏರಿಸಿ ಗದ್ದ ಊರಿದ.

"ಯಾರದರ ಇರಲಿ, ಕೈ ಚಲೋ ಐತಿ. ಹಲಗಿ ಅಳ್ಳಾಡಸಬ್ಯಾಡ" ಅಂದು ಕುಂಚವನ್ನು ಕರಿ ಬಣ್ಣಕ್ಕೆ ಅದ್ದಿದ.

ಗುರವ್ವ ಹಲಗೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಅವನು ಆನೆಯ ಬೆನ್ನಿನಿಂದ ಗೆರೆ ಶುರು ಮಾಡಿದ.